1.3 ಅನ್ನೋ ಅಂಕಿ

ಇವತ್ತು ಬಂದ ಅದಿರು ಕಲ್ಲಿನ ಲ್ಯಾಬ್ ರಿಪೋರ್ಟ್‌ನಲ್ಲಿ ಕಣ್ಣು ನಿಂತಿದ್ದು ಒಂದೇ ಅಂಕಿ ಮೇಲೆ. ಲಿಥಿಯಂ ಆಕ್ಸೈಡ್ 1.3%.

ಒಳ್ಳೆಯ ಅಂಕಿನೇ. ಆದ್ರೆ ಆ ಲಿಥಿಯಂ ಕೂತಿರೋದು ಯಾವ ಖನಿಜದಲ್ಲಿ?

ಎಲ್ಲಾ ಸ್ಪಾಡ್ಯುಮೀನ್ ಅನ್ನೋ ಲಿಥಿಯಂ ಖನಿಜದಲ್ಲೇ ಇದ್ರೆ ಲೆಕ್ಕ ಸುಲಭ. ಶುದ್ಧ ಸ್ಪಾಡ್ಯುಮೀನ್‌ನಲ್ಲಿ ಲಿಥಿಯಂ ಆಕ್ಸೈಡ್ ಸುಮಾರು 8% ಇರುತ್ತೆ, ಅಂದ್ರೆ 1.3% ಬರೋಕೆ ನೂರು ಕಿಲೋ ಕಲ್ಲಲ್ಲಿ ಸುಮಾರು ಹದಿನಾರು ಕಿಲೋ ಸ್ಪಾಡ್ಯುಮೀನ್ ಇರಬೇಕು. ಅದರ ಸಾಂದ್ರತೆ 3.1ರ ಮೇಲೆ, ಬೆಣಚುಕಲ್ಲಿನದು 2.65. ಕಲ್ಲು ಪುಡಿ ಮಾಡಿ ಫೆರೋಸಿಲಿಕಾನ್ (ಕಬ್ಬಿಣ-ಸಿಲಿಕಾನ್ ಮಿಶ್ರಲೋಹದ ಪುಡಿ) ಬೆರೆಸಿ ಸಾಂದ್ರತೆ ಹೆಚ್ಚಿಸಿದ ನೀರಿಗೆ ಬಿಟ್ರೆ ಸ್ಪಾಡ್ಯುಮೀನ್ ಮುಳುಗುತ್ತೆ, ಬೆಣಚು ತೇಲುತ್ತೆ.

ಪೆಟಲೈಟ್ ಅನ್ನೋ ಇನ್ನೊಂದು ಲಿಥಿಯಂ ಖನಿಜ ಆಗಿದ್ರೆ? ಅದರ ಸಾಂದ್ರತೆ ಬರೀ 2.4. ಬೆಣಚಿನ ಜೊತೆ ತೇಲಿ ತ್ಯಾಜ್ಯದ ರಾಶಿಗೆ ಹೋಗುತ್ತೆ. ಲಿಥಿಯಂ ಇರೋ ಲೆಪಿಡೊಲೈಟ್ ಅಭ್ರಕವೂ ಬಹುಪಾಲು ಹಾಗೇ.

ಅಂಕಿ ಅದೇ 1.3. ಕೈಗೆ ಸಿಗೋದು ಮಾತ್ರ ಬೇರೆ.

ಅದಕ್ಕೇ ನೆಲ ಕೊರೆದು ಕೋರ್ (ಕಲ್ಲಿನ ಕಂಬದಂಥ ಮಾದರಿ) ತೆಗೆದ ಮೊದಲ ದಿನದಿಂದಲೇ, ಯಾವ ಖನಿಜ ಇದೆ ಅಂತ ಗುರುತಿಸೋ ಎಕ್ಸ್‌ರೇ ಡಿಫ್ರಾಕ್ಷನ್ ಪರೀಕ್ಷೆ ಮಾಡಿಸಬೇಕು, ಗಣಿಯ ನಕ್ಷೆ ಬರೆದ ಮೇಲಲ್ಲ. ಅಕ್ಕಪಕ್ಕದ ಕಪ್ಪು ಕಲ್ಲನ್ನೂ ಅಳೆಯಬೇಕು. ಸಿಡಿಸುವಾಗ ಅದು ಅದಿರಿಗೆ ಬೆರೆತರೆ ಕಬ್ಬಿಣ ಏರುತ್ತೆ. ಆ ಕಪ್ಪು ಕಲ್ಲಿನ ಸಾಂದ್ರತೆ ಸ್ಪಾಡ್ಯುಮೀನ್‌ಗೆ ಹತ್ತಿರ, ಹಾಗಾಗಿ ಜೊತೆಗೇ ಮುಳುಗುತ್ತೆ.