ಬೇಸಿಗೆಯಲ್ಲಿ ಮಾತ್ರ ಒದ್ದೆಯಾಗುತ್ತಿದ್ದ ಗೋಡೆ

ಮನೆಗಳನ್ನು ಪರೀಕ್ಷಿಸಿ ಅವುಗಳ ದೋಷಗಳನ್ನು ಬರೆದುಕೊಡುವುದು ನನ್ನ ಕೆಲಸ. ಗೋಡೆಯನ್ನು ಒಡೆದು ನೋಡುವ ಅವಕಾಶ ನಮಗೆ ಸಾಮಾನ್ಯವಾಗಿ ಇರುವುದಿಲ್ಲ. ಹೊರಗೆ ಕಾಣುವ ಕಲೆ, ಬಿರುಕು, ಉಬ್ಬು, ವಾಸನೆಗಳನ್ನು ನೋಡಿಯೇ ಒಳಗೆ ಏನಾಗಿರಬಹುದೆಂದು ಹೇಳಬೇಕಾಗುತ್ತದೆ. ಆದ್ದರಿಂದ ನಾವು ನಾಲ್ವರು ಪರೀಕ್ಷಕರು ವಾರಕ್ಕೊಮ್ಮೆ ಕುಳಿತು, ಬಗೆಹರಿಯದ ಪ್ರಕರಣಗಳ ಚಿತ್ರಗಳನ್ನು ಮುಂದಿಟ್ಟುಕೊಂಡು ಚರ್ಚಿಸುವ ರೂಢಿಯನ್ನು ಹಲವು ವರ್ಷಗಳಿಂದ ಇಟ್ಟುಕೊಂಡಿದ್ದೇವೆ. ಆ ಚರ್ಚೆಗಳಲ್ಲೊಂದರಲ್ಲಿ ನಾನು ದೃಢವಾಗಿ ಹೇಳಿದ ಒಂದು ಮಾತು ತಪ್ಪಾಗಿತ್ತು. ಆ ತಪ್ಪಿನಿಂದ ಒಂದು ಮನೆಯವರಿಗೆ ನಷ್ಟವೂ ಆಯಿತು. ಅದನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ.

ಆ ಗೋಡೆ ನೆಲಮಹಡಿಯ ಎರಡು ಕೋಣೆಗಳ ನಡುವಿನದು. ಅದಕ್ಕೆ ಮಳೆ ತಾಗುವಂತಿರಲಿಲ್ಲ. ಅದರ ಮೇಲಿನ ಮಹಡಿಯಲ್ಲಿ ಸ್ನಾನದ ಮನೆಯಾಗಲಿ ಅಡುಗೆಮನೆಯಾಗಲಿ ಇರಲಿಲ್ಲ. ಮನೆಯ ನಕ್ಷೆಯಲ್ಲಿ ಆ ಗೋಡೆಯೊಳಗೆ ಯಾವ ನೀರಿನ ಪೈಪನ್ನೂ ತೋರಿಸಿರಲಿಲ್ಲ. ಹೀಗಿದ್ದರೂ ನಡುಮನೆಯ ಬದಿಯಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ, ಒಂದು ಒದ್ದೆಯ ಕಲೆ ಪ್ರತಿ ಬೇಸಿಗೆಯಲ್ಲಿ ಕಾಣಿಸಿಕೊಂಡು, ಬಣ್ಣವನ್ನು ಉಬ್ಬಿಸಿ, ಮಳೆಗಾಲ ಬಂದೊಡನೆ ತಾನಾಗಿ ಒಣಗುತ್ತಿತ್ತು. ಮಳೆ ಬಂದಾಗ ಒದ್ದೆಯಾಗುವ ಗೋಡೆಗಳನ್ನು ನಾವು ದಿನವೂ ನೋಡುತ್ತೇವೆ. ಮಳೆ ನಿಂತಾಗ ಒದ್ದೆಯಾಗುವ ಗೋಡೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮ ನಾಲ್ವರಲ್ಲಿ ನಾಲ್ಕು ಅಭಿಪ್ರಾಯಗಳು ಹುಟ್ಟಿದವು. ಒಬ್ಬರು, ನಕ್ಷೆಯಲ್ಲಿ ಇಲ್ಲದಿದ್ದರೂ ಗೋಡೆಯೊಳಗೆ ನೀರಿನ ಪೈಪು ಇರಲೇಬೇಕು ಎಂದರು. ಇನ್ನೊಬ್ಬರು, ನೆಲದ ತೇವ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತಿದೆ ಎಂದರು. ನಮ್ಮಲ್ಲಿ ಹಿರಿಯರಾದವರು, ತಾರಸಿಯಲ್ಲಿ ಹಿಂದೆ ನಿಂತಿದ್ದ ನೀರು ಕಂಬದ ಪಕ್ಕದಿಂದ ನಿಧಾನವಾಗಿ ಇಳಿದು ತಿಂಗಳುಗಳ ನಂತರ ಕೆಳಗೆ ತೋರುತ್ತಿದೆ ಎಂದರು. ನಾನು ಥರ್ಮಲ್ ಕ್ಯಾಮೆರಾದ ಚಿತ್ರವನ್ನು ತೋರಿಸಿ, ಆ ಜಾಗ ಸುತ್ತಲಿನ ಗೋಡೆಗಿಂತ ತಂಪಾಗಿರುವುದರಿಂದ ಕೋಣೆಯ ಗಾಳಿಯಲ್ಲಿನ ತೇವವೇ ಅಲ್ಲಿ ಹನಿಗಟ್ಟುತ್ತಿದೆ ಎಂದೆ. ಕೈಯಲ್ಲಿ ಚಿತ್ರವಿದ್ದುದರಿಂದ ನನ್ನ ಮಾತಿಗೆ ತೂಕ ಬಂದಿತು. ವರದಿಯಲ್ಲಿ "ಕಾರಣ: ಗಾಳಿಯ ತೇವ ಹನಿಗಟ್ಟುವಿಕೆ" ಎಂದು ಒಂದೇ ಸಾಲಿನಲ್ಲಿ ಬರೆದೆ.

ಈಗ ಹಿಂತಿರುಗಿ ನೋಡಿದರೆ, ನಾಲ್ವರೂ ಆ ಗೋಡೆಯನ್ನು ನೋಡುವ ಬದಲು ತಾವು ಅದಕ್ಕೆ ಮೊದಲು ಕಂಡಿದ್ದ ಮನೆಯನ್ನೇ ನೋಡುತ್ತಿದ್ದೆವು. ಪೈಪು ಎಂದವರು ಹಿಂದಿನ ವಾರವಷ್ಟೇ ಒಡೆದ ಪೈಪೊಂದನ್ನು ಪತ್ತೆ ಮಾಡಿದ್ದರು. ನಾನಾದರೋ ಆ ತಿಂಗಳು ತಂಪು ಗೋಡೆಗಳ ಮೇಲೆ ಹನಿಗಟ್ಟಿದ ತೇವವನ್ನು ಎರಡು ಮನೆಗಳಲ್ಲಿ ಕಂಡಿದ್ದೆ.

ಥರ್ಮಲ್ ಕ್ಯಾಮೆರಾ ನೀರನ್ನು ಕಾಣುವುದಿಲ್ಲ. ಅದು ಮೇಲ್ಮೈಯ ಉಷ್ಣತೆಯನ್ನು ಮಾತ್ರ ಕಾಣುತ್ತದೆ. ಒದ್ದೆ ಜಾಗದಿಂದ ನೀರು ಆವಿಯಾಗುವಾಗ ಅಲ್ಲಿನ ಶಾಖವನ್ನು ಎಳೆದುಕೊಳ್ಳುವುದರಿಂದ, ನೀರು ಎಲ್ಲಿಂದಲೇ ಬಂದಿರಲಿ, ಒದ್ದೆಯಾದ ಗೋಡೆ ತಂಪಾಗಿಯೇ ಇರುತ್ತದೆ. ತಂಪಾಗಿರುವುದರಿಂದ ಒದ್ದೆಯಾಗಿದೆ ಎಂದು ನಾನು ಓದಿದ್ದೆ. ಒದ್ದೆಯಾಗಿರುವುದರಿಂದ ತಂಪಾಗಿರಬಹುದು ಎಂಬ ಇನ್ನೊಂದು ಓದನ್ನು ಪರಿಗಣಿಸಿರಲಿಲ್ಲ. ಇದಕ್ಕಿಂತ ಹೆಚ್ಚು ನೋವಿನ ಸಂಗತಿಯೆಂದರೆ, ನನ್ನ ಮಾತನ್ನು ಅಲ್ಲಗಳೆಯುವ ಅಂಕಿಗಳು ನನ್ನದೇ ಟಿಪ್ಪಣಿ ಪುಸ್ತಕದಲ್ಲಿದ್ದವು. ಮೊದಲ ದಿನವೇ ಕೋಣೆಯ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 50, ಕಲೆಯಿರುವ ಜಾಗದ ಉಷ್ಣತೆ 23 ಡಿಗ್ರಿ ಎಂದು ಬರೆದುಕೊಂಡಿದ್ದೆ. ಅಂತಹ ಗಾಳಿಯ ಇಬ್ಬನಿ ಬಿಂದು ಸುಮಾರು 16.6 ಡಿಗ್ರಿ. ಗೋಡೆ ಅದಕ್ಕಿಂತ ತಂಪಾಗುವವರೆಗೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟುವುದಿಲ್ಲ; ಆ ಗೋಡೆಯೋ ಇಬ್ಬನಿ ಬಿಂದುವಿಗಿಂತ 6 ಡಿಗ್ರಿಗೂ ಹೆಚ್ಚು ಬೆಚ್ಚಗಿತ್ತು. ಲೆಕ್ಕ ಹಾಕಲು ಎರಡು ನಿಮಿಷ ಸಾಕಾಗಿತ್ತು, ಆದರೆ ಚಿತ್ರ ಕೈಯಲ್ಲಿದ್ದಾಗ ಲೆಕ್ಕ ಅನಗತ್ಯವೆನಿಸಿತು.

ಮನೆಯವರು ನನ್ನ ವರದಿಯನ್ನು ನಂಬಿ ಆ ಗೋಡೆಗೆ ತೇವನಿರೋಧಕ ಬಣ್ಣ ಬಳಿಸಿದರು. ಕೆಲವೇ ವಾರಗಳಲ್ಲಿ ಬಣ್ಣ ದೊಡ್ಡ ಗುಳ್ಳೆಗಳಾಗಿ ಎದ್ದಿತು, ಏಕೆಂದರೆ ಒಳಗಿನಿಂದ ಬರುತ್ತಿದ್ದ ನೀರಿಗೆ ಆವಿಯಾಗಿ ಹೋಗಲು ಇದ್ದ ದಾರಿಯನ್ನೂ ಆ ಬಣ್ಣ ಮುಚ್ಚಿತ್ತು. ಅವರು ಕೋಪಿಸಿಕೊಳ್ಳದೆ ಮತ್ತೊಮ್ಮೆ ನನ್ನನ್ನೇ ಕರೆದರು. ಆ ಕರೆಯನ್ನು ನಾನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಎರಡನೆಯ ಭೇಟಿಯಲ್ಲಿ ದಾರಿ ತೋರಿದವರು ಆ ಮನೆಯ ಅಜ್ಜಿ. ಮೊದಲ ಭೇಟಿಯಲ್ಲೂ ಅವರು ನನಗೆ ಏನನ್ನೋ ಹೇಳಲು ಬಂದಿದ್ದರು. ಪಕ್ಕದ ಕೋಣೆಯಲ್ಲಿ ಮೊಮ್ಮಗ ಹೂಕುಂಡಗಳಿಗೆ ಮಿತಿಮೀರಿ ನೀರು ಹಾಕುತ್ತಾನೆ, ಅದೇ ಗೋಡೆಗೆ ಇಳಿಯುತ್ತಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಕುಂಡಗಳು ಗೋಡೆಯಿಂದ ದೂರ, ಕಿಟಕಿಯ ಬಳಿ ಇದ್ದುದನ್ನು ನೋಡಿ ನಾನು ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದೆ. ಈ ಸಲ, "ಅಜ್ಜಿ, ಅವನೇ ಕಾರಣ ಅಂತ ನಿಮಗೆ ಯಾಕೆ ಅನ್ನಿಸಿತು?" ಎಂದು ಕೇಳಿದೆ. "ಅವನು ಊರಿಗೆ ಹೋದ ವಾರ ಗೋಡೆ ಒಣಗಿರುತ್ತದಪ್ಪ. ಬಂದ ಎರಡು ದಿನಕ್ಕೆ ಮತ್ತೆ ಒದ್ದೆ. ಮೂರು ವರ್ಷದಿಂದ ನೋಡುತ್ತಾ ಇದ್ದೇನೆ," ಎಂದರು.

ಅವರ ಅಭಿಪ್ರಾಯ ತಪ್ಪಾಗಿತ್ತು. ಅದರೊಳಗಿದ್ದ ಅವಲೋಕನ ಮಾತ್ರ ನಮ್ಮ ನಾಲ್ವರ ಉಪಕರಣಗಳಿಗಿಂತ ಹೆಚ್ಚು ನಿಖರವಾಗಿತ್ತು. ಮೊಮ್ಮಗ ಇರುವಾಗ ಆ ಕೋಣೆಯಲ್ಲಿ ಬೇರೆ ಏನು ನಡೆಯುತ್ತದೆ ಎಂದು ವಿಚಾರಿಸಿದಾಗ, ಬೇಸಿಗೆಯಲ್ಲಿ ರಾತ್ರಿಯಿಡೀ ಎ.ಸಿ. ಓಡುತ್ತದೆ ಎಂದು ತಿಳಿಯಿತು. ಎ.ಸಿ.ಯ ಒಳಘಟಕ ಅದೇ ಗೋಡೆಯ ಇನ್ನೊಂದು ಬದಿಯಲ್ಲಿ, ಮೇಲೆ, ತೂಗಿತ್ತು. ಅದರ ನೀರು ಹೊರಹೋಗುವ ಸಣ್ಣ ಪೈಪನ್ನು ಮನೆ ಕಟ್ಟಿದ ಮೇಲೆ ಗೋಡೆಯನ್ನು ಕೊರೆದು ಹುದುಗಿಸಿದ್ದರಿಂದ ನಕ್ಷೆಯಲ್ಲಿ ಅದು ಇರಲಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿರುವ ರಾತ್ರಿಗಳಲ್ಲಿ ಒಂದು ಎ.ಸಿ. ಹಲವು ಲೀಟರ್ ನೀರನ್ನು ಹೊರಹಾಕಬಲ್ಲದು. ಆ ಪೈಪಿಗೆ ಮೇಲಿನಿಂದ ಬಣ್ಣದ ನೀರನ್ನು ಸ್ವಲ್ಪಸ್ವಲ್ಪವಾಗಿ ಸುರಿದೆವು. ಮರುದಿನ ಬೆಳಿಗ್ಗೆ ನಡುಮನೆಯ ಬದಿಯಲ್ಲಿ, ಮೊಣಕಾಲೆತ್ತರದಲ್ಲಿ, ಆ ಬಣ್ಣ ಕಾಣಿಸಿತು. ಪೈಪಿನ ತಿರುವಿನಲ್ಲಿ ಜೋಡಣೆ ಬಿಟ್ಟುಕೊಂಡಿತ್ತು. ಮನೆಯ ನೀರಿನ ಪೈಪುಗಳಿಗೆ ಒತ್ತಡ ಕೊಟ್ಟು ಮಾಡಿದ ಪರೀಕ್ಷೆಯಲ್ಲಿ ಈ ಸೋರಿಕೆ ಸಿಗುವಂತೆಯೇ ಇರಲಿಲ್ಲ, ಏಕೆಂದರೆ ಈ ಪೈಪಿಗೂ ಆ ಪೈಪುಗಳಿಗೂ ಸಂಬಂಧವಿರಲಿಲ್ಲ. ಗಾಳಿಯ ತೇವ ಹನಿಗಟ್ಟುತ್ತಿದೆ ಎಂಬ ನನ್ನ ಮಾತಿನಲ್ಲಿ ಒಂದು ಎಳೆ ನಿಜವಿತ್ತು; ಆದರೆ ಅದು ಹನಿಗಟ್ಟುತ್ತಿದ್ದುದು ಗೋಡೆಯ ಮೇಲಲ್ಲ, ಎ.ಸಿ.ಯ ತಂಪು ಸುರುಳಿಯ ಮೇಲೆ.

ಆ ದಿನದ ನಂತರ ನಾನು ಮನೆಯವರ ಮಾತನ್ನು ಕೇಳುವ ರೀತಿಯೇ ಬದಲಾಯಿತು. ನೆರೆಯವರು, ಬಣ್ಣ ಬಳಿಯುವವರು, ಮನೆಯ ಹಿರಿಯರು, ಎಲ್ಲರಿಗೂ ಕಟ್ಟಡದ ದೋಷಗಳ ಬಗ್ಗೆ ಒಂದೊಂದು ಅಭಿಪ್ರಾಯ ಇರುತ್ತದೆ, ಮತ್ತು ಆ ಅಭಿಪ್ರಾಯಗಳಲ್ಲಿ ಹೆಚ್ಚಿನವು ತಾಂತ್ರಿಕವಾಗಿ ನಿಲ್ಲುವುದಿಲ್ಲ. ಆದರೆ ಅಭಿಪ್ರಾಯ ಬರಿಗಾಳಿಯಿಂದ ಹುಟ್ಟುವುದು ಅಪರೂಪ. ಅವರು ಏನನ್ನೋ ಕಂಡಿರುತ್ತಾರೆ, ಕೇಳಿರುತ್ತಾರೆ, ಮೂಸಿರುತ್ತಾರೆ. ಆ ಮನೆಯಲ್ಲಿ ವರ್ಷವಿಡೀ ಇರುವವರು ಅವರು. ನಾನು ಇರುವುದು ಮೂರು ಗಂಟೆ.

ಮೇಲಿನ ಮಹಡಿಯಲ್ಲಿ, ಚಾವಣಿಯ ಕಾಂಕ್ರೀಟು ಗೋಡೆಯ ಮೇಲೆ ಕೂರುವ ಜಾಗದಲ್ಲಿ, ಉದ್ದಕ್ಕೂ ಅಡ್ಡ ಬಿರುಕು ಬಿಟ್ಟಿದ್ದ ಮನೆಯೊಂದರಲ್ಲಿ ಈ ಪಾಠ ನೇರವಾಗಿ ಉಪಯೋಗಕ್ಕೆ ಬಂದಿತು. ಪಾಯ ಕುಸಿಯುತ್ತಿದೆ ಎಂದು ಯಾರೋ ಹೇಳಿದ್ದರಿಂದ ಮನೆಯವರು ನಿದ್ದೆಗೆಟ್ಟಿದ್ದರು. ಸಂಜೆಯಾದ ಮೇಲೆ ಮೇಲಿನಿಂದ ಟಕ್ ಎಂಬ ಸದ್ದು ಬರುತ್ತದೆ, ಅದು ಪಾಯ ಇಳಿಯುವ ಸದ್ದು ಎಂದು ಮನೆಯ ಯಜಮಾನರು ನಂಬಿದ್ದರು. ಪಾಯ ಇಳಿದಾಗ ಬಿರುಕುಗಳು ಸಾಮಾನ್ಯವಾಗಿ ಓರೆಯಾಗಿ, ಬಾಗಿಲು ಕಿಟಕಿಗಳ ಮೂಲೆಗಳಿಂದ ಹೊರಟು, ಒಂದು ತುದಿಯಲ್ಲಿ ಹೆಚ್ಚು ಅಗಲವಾಗಿರುತ್ತವೆ. ಕೆಳಮಹಡಿಯನ್ನು ಪೂರ್ತಿಯಾಗಿ ಬಿಟ್ಟು ಮೇಲೆ ಮಾತ್ರ ತೋರುವುದು ಅಪರೂಪ. ಈ ಮನೆಯ ಕೆಳಮಹಡಿಯಲ್ಲಿ ಒಂದು ಬಿರುಕೂ ಇರಲಿಲ್ಲ. ಆದರೂ ಹಳೆಯ ತಪ್ಪಿನ ನೆನಪಿನಿಂದ ನಾನು ಕಾರಣವನ್ನು ತಕ್ಷಣ ಬರೆಯಲಿಲ್ಲ. ಬಿರುಕಿನ ಮೇಲೊಂದು ಕೆಳಗೊಂದು ಗೆರೆಯನ್ನು ಒಂದೇ ನೇರದಲ್ಲಿ ಪೆನ್ಸಿಲಿನಿಂದ ಎಳೆದು, ಬಿರುಕಿನ ಎರಡೂ ತುದಿಗಳಲ್ಲಿ ದಿನಾಂಕ ಬರೆದು, ದಿನಕ್ಕೆರಡು ಸಲ ನೋಡಿ ಬರೆದಿಡುವಂತೆ ಮನೆಯವರನ್ನು ಕೇಳಿಕೊಂಡೆ. ಬಿಸಿಲೇರಿದ ಮಧ್ಯಾಹ್ನಗಳಲ್ಲಿ ಮೇಲಿನ ಗೆರೆ ಸುಮಾರು 1 ಮಿ.ಮೀ. ಪಕ್ಕಕ್ಕೆ ಸರಿಯುತ್ತಿತ್ತು, ಮರುದಿನ ಬೆಳಿಗ್ಗೆ ಕೆಳಗಿನ ಗೆರೆಯೊಡನೆ ಮತ್ತೆ ಕೂಡುತ್ತಿತ್ತು. ಇಳಿದ ಪಾಯ ಬೆಳಗಾದರೆ ಮೇಲೇರುವುದಿಲ್ಲ.

ಕಾಂಕ್ರೀಟು ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಆ ಚಾವಣಿ 12 ಮೀಟರ್ ಉದ್ದವಿತ್ತು. ಅದು 25 ಡಿಗ್ರಿ ಬಿಸಿಯಾದರೆ ಒಟ್ಟು 3 ಮಿ.ಮೀ. ಹಿಗ್ಗಬೇಕು, ಎಂದರೆ ಎರಡೂ ತುದಿಗಳಲ್ಲಿ ಒಂದೂವರೆ ಮಿ.ಮೀ. ಹತ್ತಿರ. ಬಿಸಿಲಿಗೆ ನೇರವಾಗಿ ಒಡ್ಡಿಕೊಂಡ ಚಾವಣಿ ಹಿಗ್ಗುತ್ತಿತ್ತು, ನೆರಳಿನಲ್ಲಿದ್ದ ಗೋಡೆ ಅಷ್ಟು ಹಿಗ್ಗುತ್ತಿರಲಿಲ್ಲ, ಎರಡರ ಜಗ್ಗಾಟದಲ್ಲಿ ಅವು ಕೂಡುವ ಜಾಗ ಬಿಟ್ಟುಕೊಂಡಿತ್ತು. ಸಂಜೆಯ ಸದ್ದು ಚಾವಣಿ ತಣಿದು ಹಿಂದಕ್ಕೆ ಸರಿಯುವ ಹೊತ್ತಿನದು. ಯಜಮಾನರ ವಿವರಣೆ ತಪ್ಪಾಗಿತ್ತು, ಅವರ ಕಿವಿ ತಪ್ಪಾಗಿರಲಿಲ್ಲ.

ಬಿರುಕಿನ ಅಗಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ 251ನೆಯ ಡೈಜೆಸ್ಟ್ ಎಂಬ ಮಾರ್ಗದರ್ಶಿ ಕಿರುಹೊತ್ತಗೆ, 0.1 ಮಿ.ಮೀ.ಗಿಂತ ಕಡಿಮೆ ಅಗಲದ ಕೂದಲೆಳೆಯ ಬಿರುಕಿನಿಂದ ಹಿಡಿದು 25 ಮಿ.ಮೀ.ಗಿಂತ ಹೆಚ್ಚಿನದರವರೆಗೆ ಹಾನಿಯನ್ನು ಆರು ದರ್ಜೆಗಳಲ್ಲಿ ಇಡುತ್ತದೆ, 5 ಮಿ.ಮೀ.ವರೆಗಿನದನ್ನು ಅದು ಅಲ್ಪ ಹಾನಿಯೆಂದೇ ಎಣಿಸುತ್ತದೆ. ಹೆದರಿದ ಮನೆಯವರಿಗೆ ಸಮಾಧಾನ ಹೇಳಲು ಈ ದರ್ಜೆಗಳು ನನಗೆ ಬಹಳ ನೆರವಾಗಿವೆ. ಆದರೆ ಅವು ದುರಸ್ತಿ ಎಷ್ಟು ಕಷ್ಟವೆಂಬುದನ್ನು ಹೇಳುತ್ತವೆಯೇ ಹೊರತು ಬಿರುಕು ಏಕೆ ಬಂತೆಂಬುದನ್ನಲ್ಲ. ಸಣ್ಣ ಬಿರುಕೊಂದರ ಹಿಂದೆ ಸರಳು ತುಕ್ಕು ಹಿಡಿಯುತ್ತಿರಬಹುದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಇಂದಿನ ಕೂದಲೆಳೆ ಬಿರುಕು ನಾಳೆ ಕಾಂಕ್ರೀಟಿನ ಚಕ್ಕೆಯನ್ನೇ ಕಳಚಬಹುದು.

ಗೋಡೆಯ ಮೇಲಿನ ಬಿಳಿ ಪುಡಿಯನ್ನು ಬೂಷ್ಟು ಎಂದು ತಿಳಿಯುವವರು ಬಹಳ. ಅದು ನೀರಿನೊಂದಿಗೆ ಬಂದು ಮೇಲ್ಮೈಯಲ್ಲಿ ಉಳಿದ ಉಪ್ಪಾಗಿದ್ದರೆ ಒಂದೆರಡು ಹನಿ ನೀರಿನಲ್ಲಿ ಸಾಮಾನ್ಯವಾಗಿ ಕರಗಿಹೋಗುತ್ತದೆ, ಬೂಷ್ಟು ಕರಗುವುದಿಲ್ಲ. ಆ ಉಪ್ಪು ನಮ್ಮನ್ನೂ ದಾರಿ ತಪ್ಪಿಸುತ್ತದೆ: ಎರಡು ಸೂಜಿಗಳ ತೇವಮಾಪಕ ಅಳೆಯುವುದು ವಿದ್ಯುತ್ತಿಗೆ ಒಡ್ಡುವ ತಡೆಯನ್ನು, ಅದರ ಅಂಕಿಗಳನ್ನು ಹೊಂದಿಸಿರುವುದು ಹೆಚ್ಚಾಗಿ ಮರಕ್ಕೆ, ಉಪ್ಪು ತುಂಬಿದ ಗಾರೆಯಲ್ಲಿ ಇರುವುದಕ್ಕಿಂತ ಹೆಚ್ಚು ತೇವವನ್ನು ಅದು ತೋರಿಸಬಲ್ಲದು. ಆದ್ದರಿಂದ ಗೋಡೆಯಲ್ಲಿ ಅದರ ಅಂಕಿಯನ್ನು ನಾನು ಈಗ ಹೋಲಿಕೆಗೆ ಮಾತ್ರ ಬಳಸುತ್ತೇನೆ.

ನಮ್ಮ ವಾರದ ಚರ್ಚೆಯ ಕ್ರಮವನ್ನೂ ಬದಲಾಯಿಸಿಕೊಂಡೆವು. ಮೊದಲ ಸುತ್ತಿನಲ್ಲಿ ಯಾರೂ ಕಾರಣ ಹೇಳುವಂತಿಲ್ಲ. ಕಂಡದ್ದನ್ನು, ಅಳೆದದ್ದನ್ನು, ಮನೆಯವರು ಕಂಡೆವೆಂದದ್ದನ್ನು ಮಾತ್ರ ಹೇಳಬೇಕು. ಎರಡನೆಯ ಸುತ್ತಿನಲ್ಲಿ ಕಾರಣ ಹೇಳುವವರು, ಯಾವ ಸಂಗತಿ ಸಿಕ್ಕರೆ ತಮ್ಮ ಮಾತು ಬಿದ್ದುಹೋಗುತ್ತದೆ ಎಂಬುದನ್ನೂ ಜೊತೆಗೇ ಹೇಳಬೇಕು. ನಮ್ಮ ಹಿರಿಯರಿಗೆ ಮೊದಲಿಗೆ ಇದು ಕಿರಿಕಿರಿಯೆನಿಸಿತು, ಏಕೆಂದರೆ ಅವರ ಊಹೆ ಬಹಳ ಸಲ ಸರಿಯಾಗಿಯೇ ಇರುತ್ತದೆ ಮತ್ತು ಸುತ್ತುಬಳಸಿನಿಂದ ಹೊತ್ತು ಹೋಗುತ್ತದೆ. ಅವರ ಆಕ್ಷೇಪಣೆಯಲ್ಲಿ ನ್ಯಾಯವಿದೆ. ಹತ್ತು ಪ್ರಕರಣಗಳಲ್ಲಿ ಎಂಟನ್ನು ಅವರು ಚಿತ್ರ ನೋಡಿಯೇ ಹೇಳಬಲ್ಲರು. ಉಳಿದ ಎರಡರಲ್ಲಿ ಯಾರದೋ ಗೋಡೆಗೆ ಬೇಡದ ಬಣ್ಣ ಬಳಿಯಲಾಗುತ್ತದೆ ಎಂದು ನಾನು ಉತ್ತರಿಸಿದೆ. ಅಂದಿನಿಂದ ಅವರೂ ಮೊದಲ ಸುತ್ತಿನಲ್ಲಿ ಸುಮ್ಮನಿರುತ್ತಾರೆ. ವರದಿಗಳಲ್ಲಿಯೂ ಕಂಡದ್ದು, ನಮ್ಮ ಅನುಮಾನ, ಮುಂದೆ ಮಾಡಬೇಕಾದ ಪರೀಕ್ಷೆ ಎಂಬುದನ್ನು ಬೇರೆ ಬೇರೆಯಾಗಿ ಬರೆಯುತ್ತೇವೆ. ಖಚಿತ ಉತ್ತರಕ್ಕಾಗಿ ಹಣ ಕೊಟ್ಟವರಿಗೆ ಅನುಮಾನವನ್ನು ಅನುಮಾನವೆಂದೇ ಬರೆದುಕೊಡುವುದು ಸುಲಭವಲ್ಲ, ಆದರೆ ಹಾಗೆ ಬರೆದುಕೊಟ್ಟಾಗ ಯಾರೂ ನನ್ನನ್ನು ಬೈದಿಲ್ಲ.

ಈ ವಾರ ನಮ್ಮ ಮುಂದಿರುವುದು ಒಂದು ವಾಸನೆ. ಅತಿಥಿಗಳಿಗೆಂದು ಮೀಸಲಿಟ್ಟ ಕೋಣೆಯಲ್ಲಿ ಆಗಾಗ ಕೊಳೆತ ವಾಸನೆ ಬರುತ್ತದೆ. ಗೋಡೆ ಒಣಗಿದೆ, ಬೂಷ್ಟಿಲ್ಲ, ಸತ್ತ ಇಲಿ ಸಿಕ್ಕಿಲ್ಲ. ಅತಿಥಿಗಳು ಬಂದಿದ್ದಾಗ ವಾಸನೆಯೇ ಇರಲಿಲ್ಲ, ಅವರು ಹೋಗಿ ತಿಂಗಳಾದ ಮೇಲೆ ಶುರುವಾಯಿತು ಎಂದು ಮನೆಯಾಕೆ ಹೇಳಿದ್ದನ್ನು ಮೊದಲ ಸುತ್ತಿನಲ್ಲಿ ಬರೆದುಕೊಂಡೆವು. ಆ ಕೋಣೆಗೆ ಹೊಂದಿಕೊಂಡ ಸ್ನಾನದ ಮನೆಯನ್ನು ಬೇರೆ ಯಾರೂ ಬಳಸುವುದಿಲ್ಲ. ನೆಲದ ಜಾಲರಿಯ ಕೆಳಗಿನ, ಟ್ರ್ಯಾಪ್ ಎಂಬ ಬಾಗಿದ ಭಾಗದಲ್ಲಿ ಸದಾ ನಿಂತಿರಬೇಕಾದ ನೀರು ಆವಿಯಾಗಿ, ಚರಂಡಿಯ ಗಾಳಿಗೆ ದಾರಿಯಾಗಿರಬಹುದೆಂಬುದು ನನ್ನ ಅನುಮಾನ. ನೀರು ತುಂಬಿದ ಮೇಲೂ ವಾಸನೆ ಉಳಿದರೆ ನನ್ನ ಮಾತು ಬಿದ್ದಂತೆ ಎಂದು ಅದರ ಪಕ್ಕದಲ್ಲೇ ಬರೆದಿದ್ದೇನೆ. ನಿನ್ನೆ ಆ ಜಾಲರಿಗೆ ಎರಡು ಚೊಂಬು ನೀರು ಸುರಿದು, ಕೋಣೆಯ ಬಾಗಿಲು ಹಾಕಿಸಿ ಬಂದೆ. ಶನಿವಾರ ಹೋಗಿ ಬಾಗಿಲು ತೆಗೆಯಬೇಕು.