ಕಟ್ಟ ಹಾಕಿದ ಮಕ್ಕಳೇ ಬಿಚ್ಚಲಿ

ಮಳೆ ಬಿಟ್ಟ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡಾದ ಕಟ್ಟ ಹಾಕುವುದು ಕಾಸರಗೋಡಿನ ಅಡಿಕೆ ಕೃಷಿಕರ ಹಳೆಯ ಕ್ರಮ. ಇಲ್ಲಿನ ಏತಡ್ಕ ಎಂಬ ಊರು ಒಂದರ ಹಿಂದೊಂದು ಹಾಕುವ ಸಾಲು ಕಟ್ಟಗಳಿಗೆ ಹೆಸರಾಗಿದೆ. ಈಗ ಈ ಕೆಲಸಕ್ಕೆ ಶಾಲೆಯ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳು, ಯುವಕ ಸಂಘದವರು ಇಳಿಯುತ್ತಾರೆ. ಆದರೆ ಅವರ ಪಾಲಿಗೆ ಸಿಗುವುದು ಒಂದು ದಿನ ಚೀಲ ಹೊರುವ ಕೆಲಸ ಮಾತ್ರ. ಜಾಗ ಗೊತ್ತುಮಾಡುವುದು, ಹಣ ಇಟ್ಟುಕೊಳ್ಳುವುದು ಎಲ್ಲ ಹಿರಿಯರೇ. ಅದು ಬದಲಾಗಬೇಕು.

ಲೆಕ್ಕ ಹಾಕುವಾಗಿನಿಂದಲೇ ಮಕ್ಕಳನ್ನು ಜೊತೆಗೆ ಕೂರಿಸಿ. ತೋಡು 6 ಮೀಟರ್ ಅಗಲ, ಕಟ್ಟ 1 ಮೀಟರ್ ಎತ್ತರ, ಬುಡ 1.8 ಮೀಟರ್, ತಲೆ 60 ಸೆಂಟಿಮೀಟರ್ ಎಂದಾದರೆ ಸುಮಾರು 300 ಖಾಲಿ ಸಿಮೆಂಟ್ ಚೀಲ ಬೇಕು. ಹರಿದದ್ದಕ್ಕೆಂದು ಇನ್ನೊಂದು 30. ಮನೆಗೆ 3 ಚೀಲದಂತೆ 110 ಮನೆ ಹತ್ತಿದರೆ ಸಾಕು. ಚೀಲ ಇಲ್ಲದವರು ಹಗ್ಗಕ್ಕೋ ಟಾರ್ಪಾಲಿಗೋ ಹಣ ಕೊಡಲಿ. ರಶೀದಿ ಬರೆಯುವವರು ಇಬ್ಬರು ಮಕ್ಕಳೇ ಇರಲಿ. ಜಮಾ ಖರ್ಚಿನ ಹಾಳೆಯನ್ನು ವಾಚನಾಲಯದ ಗೋಡೆಗೆ ಅಂಟಿಸಲಿ. ಉಳಿದ ಹಣ ಯಾವುದಕ್ಕೆ ಹೋಗಬೇಕೆಂಬುದನ್ನೂ ಅವರೇ ತೀರ್ಮಾನಿಸಲಿ. ಊರಿನ ದುಡ್ಡಿನ ಮೇಲೆ ಜವಾಬ್ದಾರಿ ಹುಟ್ಟುವುದು ಹೀಗೆಯೇ.

ನವೆಂಬರ್ ಕೊನೆಗೆ, ನೀರಿನ ರಭಸ ಇಳಿದಾಗ, ಕೆಲಸ ಶುರು. ತುಂಬಿಸಲು ಹೊಳೆಯ ಮರಳು ಬೇಡ, ತೋಟದ ಬದಿಯ ಮಣ್ಣು ಸಾಕು. ಚೀಲ ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ಉಬ್ಬಿದ ಚೀಲ ಪಕ್ಕದ್ದಕ್ಕೆ ಅಂಟಿ ಕೂರುವುದಿಲ್ಲ, ಸಂದಿಯಲ್ಲಿ ನೀರು ದಾರಿ ಮಾಡುತ್ತದೆ. ತುಂಬಿದ ಚೀಲ 30 ಕಿಲೋ ದಾಟುತ್ತದೆ. ಹದಿನಾರರ ಮಕ್ಕಳು ಒಬ್ಬೊಬ್ಬರೇ ಎತ್ತಬಾರದು, ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಲಿ. ಕಟ್ಟಿದ ಬಾಯಿಯನ್ನು ಅಡಿಗೆ ಮಡಚಿ ಇಟ್ಟು, ಕಾಲಲ್ಲಿ ತುಳಿದು ಕೂರಿಸಿ, ಮೇಲಿನ ಸಾಲನ್ನು ಕೆಳಗಿನ ಸಂದಿಯ ಮೇಲೆ ಬರುವಂತೆ ಇಡಬೇಕು, ಕೆಂಪು ಕಲ್ಲಿನ ಗೋಡೆ ಕಟ್ಟಿದ ಹಾಗೆ.

ಹೆಚ್ಚಿನ ಕಟ್ಟಗಳು ಸೋಲುವುದು ಬುಡದಲ್ಲಿ ಮತ್ತು ಎರಡು ಬದಿಯಲ್ಲಿ. ತೋಡಿನ ತಳದ ಸಡಿಲ ಮರಳು, ಎಲೆ ತೆಗೆದು ಗಟ್ಟಿ ನೆಲ ಸಿಗುವ ತನಕ ಕೆರೆಯಬೇಕು. ದಂಡೆಯೊಳಕ್ಕೂ ಅರ್ಧ ಮೀಟರ್ ಕೊರೆದು ಚೀಲ ತೂರಿಸದಿದ್ದರೆ ನೀರು ಪಕ್ಕದಿಂದ ಸುತ್ತಿ ದಂಡೆಯನ್ನೇ ಕಡಿದುಕೊಂಡು ಹೋಗುತ್ತದೆ. ನೀರು ನಿಲ್ಲುವ ಬದಿಗೆ ಟಾರ್ಪಾಲು ಹೊದಿಸಿ, ಅದರ ಅಡಿ ಅಂಚನ್ನು ಮಣ್ಣಲ್ಲಿ ಹೂಳಿ. ಆಮೇಲೆ ವಾರಕ್ಕೊಮ್ಮೆ ಇಬ್ಬರು ನೋಡಿ ಬರಲಿ: ತಿಳಿ ನೀರು ಜಿನುಗಿದರೆ ಗಾಬರಿ ಬೇಡ, ಕೆಂಪು ನೀರು ಬಂದರೆ ಒಳಗಿನ ಮಣ್ಣು ಕರಗುತ್ತಿದೆ ಎಂದೇ ಲೆಕ್ಕ, ಅಂದೇ ಮುಚ್ಚಬೇಕು.

ಇನ್ನು ಬಿಚ್ಚುವ ವಿಷಯ. ಕಟ್ಟುವ ದಿನ ಫೋಟೋ, ಭಾಷಣ ಎಲ್ಲ ಇರುತ್ತದೆ. ಬಿಚ್ಚುವ ದಿನ ಯಾರೂ ಇರುವುದಿಲ್ಲ. ಪ್ಲಸ್ ಟು ಮಕ್ಕಳು ಮಾರ್ಚ್ ಪರೀಕ್ಷೆ ಮುಗಿಸಿ ಹೊರಟಿರುತ್ತಾರೆ. ಅದಕ್ಕೇ ಮೊದಲ ದಿನದಿಂದಲೇ ಪ್ಲಸ್ ವನ್‌ನವರನ್ನು ಜೋಡಿ ಮಾಡಿ ಹಾಕಬೇಕು. ಬಿಸಿಲಿಗೆ ಪುಡಿಯಾದ ಚೀಲ ಮೊದಲ ಮಳೆಗೆ ಹೊಳೆ ಸೇರಿ, ಸಮುದ್ರ ಸೇರುತ್ತದೆ. ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ದಿನದ ಒಳಗೆ ಚೀಲವೆಲ್ಲ ಮೇಲೆ ಬರಲಿ, ಮಣ್ಣು ಅಡಿಕೆ ಬುಡಕ್ಕೆ ಹೋಗಲಿ. ಎಷ್ಟು ಚೀಲ ಇಳಿಸಿದೆವು, ಎಷ್ಟು ವಾಪಸು ತೆಗೆದೆವು ಎಂಬುದನ್ನೂ ವಾಚನಾಲಯದ ಆ ಹಾಳೆಯಲ್ಲೇ ಬರೆಯಲಿ.