ಕೆಂಪು ಮುದ್ರೆಯ ಪಾಸ್‌ಪೋರ್ಟ್

ಫ್ರಾಂಕ್‌ಫರ್ಟ್‌ನಲ್ಲಿರುವ ಜರ್ಮನ್ ರಾಷ್ಟ್ರೀಯ ಗ್ರಂಥಾಲಯದೊಳಗೆ ಒಂದು ಸಂಗ್ರಹವಿದೆ. 1933ರಿಂದ 1945ರವರೆಗೆ ನಾಜಿಗಳಿಂದ ತಪ್ಪಿಸಿಕೊಂಡು ದೇಶ ಬಿಟ್ಟವರ ಕಾಗದಪತ್ರಗಳದ್ದೇ ಸಂಗ್ರಹ. 2018ರಿಂದ ಅಲ್ಲಿ ಕಾಯಂ ಪ್ರದರ್ಶನವೂ ಇದೆ. ಹೆಸರಾಂತ ಲೇಖಕರ ಜೊತೆಗೆ ಯಾರೂ ಕೇಳಿರದ ಸಾಮಾನ್ಯರ ಕತೆಗೂ ಜಾಗ ಕೊಟ್ಟಿದ್ದಾರೆ. ನನಗೆ ಹಿಡಿಸಿದ್ದು ಅದೇ.

ಆದರೆ ಇವತ್ತೆಲ್ಲಾ ತಲೆಯಲ್ಲಿ ಕೂತಿರೋದು ಆ ಕಾಲದ ಪಾಸ್‌ಪೋರ್ಟ್. 1938ರ ಅಕ್ಟೋಬರ್‌ನಿಂದ ಜರ್ಮನಿಯ ಯಹೂದಿಗಳ ಪಾಸ್‌ಪೋರ್ಟ್ ಮೇಲೆ ಕೆಂಪು ‘ಜೆ’ (J) ಅಕ್ಷರ ಒತ್ತುತ್ತಿದ್ದರು, ಯಹೂದಿ ಅನ್ನೋದಕ್ಕೆ ಇರುವ ಜರ್ಮನ್ ಪದದ ಮೊದಲ ಅಕ್ಷರ ಅದು. ಗಡಿ ದಾಟಿದ ಮೇಲೆ ಅದನ್ನು ಹರಿದು ಬಿಸಾಡೋಣ ಅನ್ನಿಸಿರಲ್ವಾ? ಆದರೂ ಎಷ್ಟೋ ಜನ ಇಟ್ಟುಕೊಂಡರು. ಅವಮಾನ ಮಾಡಲು ಒತ್ತಿದ ಮುದ್ರೆಯೇ ಈಗ ಸಾಕ್ಷಿ ಹೇಳುತ್ತಿದೆ.

ಕಾಗದವನ್ನೇನೋ ಗಾಜಿನ ಹಿಂದೆ ಇಡಬಹುದು. ಹೊಸ ಊರಲ್ಲಿ ತನ್ನ ಭಾಷೆ ಆಡಲು ಒಬ್ಬರೂ ಸಿಗದ ಸಂಜೆಯನ್ನು ಎಲ್ಲಿ ಇಡೋದು? ಬದುಕುಳಿದವರು ಮಾತಾಡಿದ ರೆಕಾರ್ಡಿಂಗ್‌ಗಳಲ್ಲಿ ಸ್ವಲ್ಪ ಸಿಗಬಹುದೇನೋ, ಅವರು ನಡುವೆ ಸುಮ್ಮನಾಗುವ ಕಡೆಗಳಲ್ಲಿ.